ಹಿಂದಿನ ಎಡಬಾಗಿಲು

ಆ ಮನೆಗೆ ಇಬ್ಬರು ಅಳಿಯಂದಿರು. ಹಿರಿಯಳಿಯ ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಕಿರಿಯಳಿಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಮಾಸ್ತರ. ಯಾರಾದರೂ ಏನಾದರೂ ಕೇಳಿದರೆ ಹಿರಿಯವನು ಮೊದಲು ತನ್ನ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಮೂಗಿಗೇರಿಸಿ ಆಮೇಲೆ ಬಾಯಿ ತೆರೆಯುತ್ತಿದ್ದ. ಅಷ್ಟರಲ್ಲಿ ಕಿರಿಯವನು ಉತ್ತರ ಕೊಟ್ಟು, ನಕ್ಕು, ಕೇಳಿದವರ ಬೆನ್ನು ತಟ್ಟಿಯೂ ಆಗಿರುತ್ತಿತ್ತು.

ಮಾವನವರ ಬಳಿ ಒಂದು ಕಾರಿತ್ತು. ಗಾಢ ಕೆಂಪು ಬಣ್ಣದ್ದು, ಹಳೆಯದು, ಆದರೆ ಗಟ್ಟಿ. ಸರ್ವೆ ಇಲಾಖೆಯಲ್ಲಿ ಊರಿನ ಜಮೀನೆಲ್ಲ ಅಳೆದು ನಿವೃತ್ತರಾದ ಮಾವನವರಿಗೆ ತಮ್ಮ ಮನೆಯ ಗೇಟಿನ ಅಗಲ ಮಾತ್ರ ಕೊನೆಗೂ ಅಂದಾಜಿಗೆ ಸಿಗಲಿಲ್ಲ. ಎರಡು ಸಲ ಕನ್ನಡಿ ಮುರಿದುಕೊಂಡ ಮೇಲೆ ಕಾರು ಓಡಿಸುವ ಕೆಲಸ ಹಿರಿಯಳಿಯನ ಪಾಲಿಗೆ ಬಂತು. ಪ್ರತಿ ಶನಿವಾರ ಅಂಗಡಿ ಬೇಗ ಬಿಟ್ಟು, ಸ್ಕೂಟರಿನಲ್ಲಿ ಅತ್ತೆಯ ಮನೆಗೆ ಹೋಗಿ, ಅಲ್ಲಿಂದ ಕಾರು ತೆಗೆದು, ಅತ್ತೆಯ ಮಂಡಿನೋವಿಗೆ ಆಸ್ಪತ್ರೆ, ಮಾವನವರಿಗೆ ಬ್ಯಾಂಕು, ಇಬ್ಬರಿಗೂ ಸೇರಿ ಮಾರುಕಟ್ಟೆ. ಹೀಗೆ ವರ್ಷಗಟ್ಟಲೆ ನಡೆಯಿತು. ಎರಡನೇ ಗೇರು ಹಟಮಾರಿ, ಸ್ವಲ್ಪ ಪುಸಲಾಯಿಸಬೇಕು; ಬಲಗಡೆಯ ಗಾಜು ಏರಬೇಕಾದರೆ ಅಂಗೈ ಆನಿಸಿ ಮೇಲಕ್ಕೆ ತಳ್ಳಬೇಕು; ಇದೆಲ್ಲ ಅವನೊಬ್ಬನಿಗೇ ಗೊತ್ತು. ಆಸ್ಪತ್ರೆಯ ಹೊರಗೆ ಕಾಯುವಾಗ ಡಿಕ್ಕಿಯಿಂದ ಮೆತ್ತನೆಯ ಬಟ್ಟೆ ತೆಗೆದು ಬಾನೆಟ್ಟು ಒರೆಸುತ್ತಿದ್ದ. ಈ ಕಾರು ಮುಂದೆ ನಿಮಗೇ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಆದರೂ ಒಳಗೊಳಗೇ ಅದು ತನ್ನದೆಂದು ಅವನು ಯಾವತ್ತೋ ಬರೆದುಕೊಂಡಾಗಿತ್ತು.

ಇನ್ನು ಆಗೊಮ್ಮೆ ಈಗೊಮ್ಮೆಯೂ ಸ್ಟೇರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಮಾವನವರಿಗೆ ಖಡಾಖಂಡಿತ ಹೇಳಿದ ವಾರ, ಭಾನುವಾರದ ಊಟಕ್ಕೆ ಎಲ್ಲರೂ ಸೇರಿದ್ದರು. ಊಟ ಮುಗಿದಿತ್ತು, ತಟ್ಟೆ ಎತ್ತಿರಲಿಲ್ಲ. ಮಾವನವರು ಜೇಬಿನಿಂದ ಕಾರಿನ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟು, ಒಂದೇ ಬೆರಳಿನಿಂದ ತಳ್ಳಿದರು. ಕೀಲಿಕೈ ಹಿರಿಯಳಿಯನ ನೀರಿನ ಲೋಟವನ್ನು ಸವರಿಕೊಂಡು ಜಾರಿ ಕಿರಿಯಳಿಯನ ತಟ್ಟೆಯ ಹತ್ತಿರ ನಿಂತಿತು.

“ತಗೋಪ್ಪ, ಕೇಳಿದ್ಯಲ್ಲ. ಇನ್ಮೇಲೆ ನಿನ್ದು” ಎಂದರು.

ಕಿರಿಯವನು ಎದ್ದು ಮಾವನವರನ್ನು ಕುರ್ಚಿಯ ಸಮೇತ ಅಪ್ಪಿಕೊಂಡ. ಅತ್ತೆ ಕಣ್ಣೊರೆಸಿಕೊಂಡರು. ಹಿರಿಯಳಿಯ ಬಹಳ ಒಳ್ಳೆಯದಾಯಿತು ಎಂದ. ಕನ್ನಡಕ ಒರೆಸದೆ ಅವನು ಆಡಿದ ಮಾತು ಬಹುಶಃ ಅದೊಂದೇ. ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತ ಹೆಂಡತಿ, ಬೇಜಾರಾಯಿತೇ ಎಂದು ಮೆಲ್ಲಗೆ ಕೇಳಿದಳು. ತನಗೇಕೆ ಬೇಜಾರು, ಆ ಡಬ್ಬ ಯಾರಿಗೆ ಬೇಕಾಗಿತ್ತು ಎಂದು ಅವನು ರೇಗಿದ. ರೇಗಿದ ಭರದಲ್ಲಿ ತಮ್ಮ ಮನೆಯ ತಿರುವನ್ನೇ ದಾಟಿ ಮುಂದೆ ಹೋಗಿಬಿಟ್ಟ.

ಹೊಟ್ಟೆಕಿಚ್ಚು ಎಂಬುದು ಇಷ್ಟು ಮೈಗೆ ಹತ್ತುವ ಕಾಯಿಲೆಯೆಂದು ಅವನಿಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಅಂಗಡಿಯಲ್ಲಿ ಗಾಜು ಉಜ್ಜುತ್ತ ಉಜ್ಜುತ್ತ ಎಲ್ಲೋ ಮನಸ್ಸು ಹೋಗಿ, ಯಾರದೋ ಗಾಜನ್ನು ಫ್ರೇಮಿಗಿಂತ ಸಣ್ಣದಾಗಿಸಿ ಹಾಳು ಮಾಡಿದ. ಷಡ್ಡಕನ ದಟ್ಟ ಕೂದಲು, ಎತ್ತರದ ನಿಲುವು, ಬೀದಿಯಲ್ಲಿ ಹೋಗುವ ಮಕ್ಕಳೆಲ್ಲ ಮಾಸ್ತರ್ ಎಂದು ಕೂಗುವುದು, ಇವೆಲ್ಲ ಹಿಂದೆಯೂ ಇದ್ದವು. ಈಗ ಒಂದೊಂದೂ ಕಣ್ಣಿಗೆ ಚುಚ್ಚತೊಡಗಿತು. ಕಿರಿಯಳಿಯನಿಗೆ ಹಲ್ಲುನೋವು ಬಂದು ಕೆನ್ನೆ ಊದಿದೆಯೆಂದು ಹೆಂಡತಿ ಹೇಳಿದ ದಿನ ಮಾತ್ರ ಅವನಿಗೆ ಎರಡು ತುತ್ತು ಹೆಚ್ಚು ಸೇರಿತು.

ಆ ಹಲ್ಲು ವಾಸಿಯಾದ ಮೇಲೆ ಕಿರಿಯಳಿಯ ಕಾರಿಗೆ ರ‍್ಯಾಪ್ ಮಾಡಿಸಲು ಹೊರಟ. ಬಣ್ಣ ಹೊಡೆಸುವುದಲ್ಲ, ಇಡೀ ಕಾರಿಗೆ ವಿನೈಲ್ ಫಿಲ್ಮಿನ ಹೊದಿಕೆ ಅಂಟಿಸುವುದು. ಬೇಡವೆನಿಸಿದ ದಿನ ಸುಲಿದು ತೆಗೆಯಬಹುದು, ಒಳಗಿನ ಬಣ್ಣ ಇದ್ದ ಹಾಗೇ ಇರುತ್ತದೆ. ಹಿರಿಯಳಿಯನ ಅಂಗಡಿಗೇ ಬಂದು, “ಭಾವ, ನೀವು ಬರಲೇಬೇಕು. ಈ ಕಾರಿನ ಮೂಲೆ ಮೂಲೆ ನಿಮಗೆ ಗೊತ್ತು, ನನಗೇನೂ ಗೊತ್ತಿಲ್ಲ” ಎಂದು ಕೈಹಿಡಿದು ಎಬ್ಬಿಸಿದ. ಬರುವುದಿಲ್ಲ ಎನ್ನಲು ಕಾರಣ ಸಿಗಲಿಲ್ಲ. ಜೊತೆಗೆ, ಗಾಯವನ್ನು ಕೆರೆದುಕೊಳ್ಳುವ ಆಸೆಯಂಥದ್ದೇನೋ ಅವನನ್ನು ಎಳೆಯಿತು.

ರ‍್ಯಾಪ್ ಮಾಡುವ ಅಂಗಡಿ ಉದ್ದನೆಯ ಶೆಡ್ಡು. ಧೂಳು ಏಳದಂತೆ ನೆಲಕ್ಕೆ ನೀರು ಹಾಕಿದ್ದರು. ಗೋಡೆಯುದ್ದಕ್ಕೂ ಬಣ್ಣಬಣ್ಣದ ಫಿಲ್ಮಿನ ಸುರುಳಿಗಳು ನಿಂತಿದ್ದವು. ಒಡತಿ ನಲವತ್ತರ ಆಸುಪಾಸಿನ ಹೆಂಗಸು; ಮೊದಲು ಬಸ್ಸುಗಳ ಮೇಲೆ ಜಾಹೀರಾತು ಅಂಟಿಸುತ್ತಿದ್ದಳಂತೆ. ಬಣ್ಣದ ತುಣುಕುಗಳ ಗೊಂಚಲನ್ನು ಮುಂದಿಟ್ಟಾಗ ಕಿರಿಯಳಿಯ, ಭಾವನ ಕಣ್ಣು ಚೆನ್ನಾಗಿದೆ, ಅವರೇ ಆರಿಸಲಿ ಎಂದ. ಹಿರಿಯಳಿಯ ಹುಡುಕಿ ಹುಡುಕಿ, ವಾಂತಿ ಬರುವಂಥ ಒಂದು ಹಳದಿಯನ್ನು ತೆಗೆದು, ಇದು ಎದ್ದು ಕಾಣುತ್ತದೆ ಎಂದು ಗಂಭೀರವಾಗಿ ಹೇಳಿದ. ಒಡತಿ ಅವನನ್ನೊಮ್ಮೆ ದಿಟ್ಟಿಸಿದಳು. ಕಿರಿಯವನು ಜೋಕೆಂದುಕೊಂಡು ಬಿದ್ದು ಬಿದ್ದು ನಕ್ಕು, ತಾನೇ ಒಂದು ಕಡುಹಸಿರನ್ನು ಆರಿಸಿದ. ಹೊಳಪಿಲ್ಲದ, ಹಳೆಯ ಬಾವಿಯ ನೀರಿನಂಥ ಹಸಿರು. ಹಿರಿಯಳಿಯನಿಗೂ ಮೊದಲ ನೋಟಕ್ಕೇ ಹಿಡಿಸಿದ್ದು ಅದೇ.

ಒಡತಿ ಕಾರಿನ ಸುತ್ತ ಬಂದು, ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು: “ಎಲ್ಲಾದರೂ ಮತ್ತೆ ಬಣ್ಣ ಹೊಡೆಸಿದ್ದೀರಾ? ಹೊಡೆಸಿದ್ರೆ ಈಗಲೇ ಹೇಳ್ಬಿಡಿ. ಫಿಲ್ಮು ಹಿಡ್ಕೊಳ್ಳೋದು ಬಣ್ಣನ. ಆ ಬಣ್ಣ ತಗಡನ್ನ ಸರಿಯಾಗಿ ಹಿಡ್ಕೊಂಡಿಲ್ಲ ಅಂದ್ರೆ ಎರಡೂ ಸೇರಿ ಎದ್ದು ಬರುತ್ತೆ.”

“ಇಲ್ಲ ಇಲ್ಲ, ಎಲ್ಲಾ ಕಂಪನಿ ಬಣ್ಣನೇ. ಅಲ್ವಾ ಭಾವ?” ಎಂದ ಕಿರಿಯಳಿಯ.

ಹಿಂದಿನ ಎಡಬಾಗಿಲು ಹಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮಾರುಕಟ್ಟೆಯ ಕಂಬವೊಂದಕ್ಕೆ ಅದು ಉದ್ದಕ್ಕೂ ತರಚಿತ್ತು. ಮಾವನವರೂ ಜೊತೆಗಿದ್ದರು. ಅತ್ತೆಗೆ ತಿಳಿದರೆ ತಲೆ ತಿನ್ನುತ್ತಾರೆಂದು ಇಬ್ಬರೂ ಕಳ್ಳರ ಹಾಗೆ ಹತ್ತಿರದ ಶೆಡ್ಡಿಗೆ ಹೋಗಿ, ಒಂದೇ ಮಧ್ಯಾಹ್ನದಲ್ಲಿ ಬಾಗಿಲಿಗೆ ಬಣ್ಣ ಹೊಡೆಸಿಕೊಂಡು ಬಂದಿದ್ದರು. ಅಡಿಬಣ್ಣ ಒಣಗುವುದಕ್ಕೂ ಬಿಟ್ಟಿರಲಿಲ್ಲ. ಆದರೆ ಶೆಡ್ಡಿನವನು ಬಣ್ಣ ಹೊಂದಿಸುವುದರಲ್ಲಿ ನಿಸ್ಸೀಮ. ಯಾರ ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ.

ಹಿರಿಯಳಿಯ ಕನ್ನಡಕ ತೆಗೆದ. ಒರೆಸಿದ. ಮತ್ತೊಮ್ಮೆ ಒರೆಸಿದ. ಅವನು ಅದನ್ನು ಮೂಗಿಗೇರಿಸುವ ಹೊತ್ತಿಗೆ, ಎಂದಿನಂತೆ, ಮಾತು ಮುಂದಕ್ಕೆ ಹೋಗಿಯಾಗಿತ್ತು. ಈ ಸಲ ಅದು ಹಾಗೆ ಹೋಗಲೆಂದೇ ಅವನು ಒರೆಸುತ್ತಿದ್ದ.

ಕಿರಿಯಳಿಯ ಸಂಜೆಯ ಈಜಿನ ತರಗತಿಗೆ ಹೊರಟುಹೋದ. ಹಿರಿಯಳಿಯ ಅಲ್ಲೇ ಒಂದು ಸ್ಟೂಲಿನ ಮೇಲೆ ಉಳಿದ. ಮರುದಿನವೂ ಅಂಗಡಿಗೆ ರಜೆ ಹಾಕಿ ಬಂದ. ಒಡತಿ ಮತ್ತು ಅವಳ ತಮ್ಮ ಕಾರನ್ನು ತೊಳೆದು, ಜೇಡಿಮಣ್ಣಿನಂಥ ಒಂದು ಮುದ್ದೆಯಿಂದ ಉಜ್ಜಿ ಅಂಟಿದ ಧೂಳನ್ನೆಲ್ಲ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿದರು. ಹಿಡಿಕೆ, ಕನ್ನಡಿ, ದೀಪಗಳನ್ನು ಬಿಚ್ಚಿಟ್ಟರು. ಆಮೇಲೆ ಫಿಲ್ಮಿನ ಬೆನ್ನಿನ ಕಾಗದ ಸುಲಿದು, ಆಚೆಗೊಬ್ಬರು ಈಚೆಗೊಬ್ಬರು ಹಾಸಿಗೆ ಬಟ್ಟೆ ಹಿಡಿದಂತೆ ಎಳೆದು ಹಿಡಿದು ಇಳಿಸಿದರು. ಒಂದು ಕೈಯಲ್ಲಿ ಬಿಸಿಗಾಳಿಯ ಗನ್ನು, ಇನ್ನೊಂದರಲ್ಲಿ ಅಂಚಿಗೆ ಬಟ್ಟೆ ಮೆತ್ತಿದ ಪ್ಲಾಸ್ಟಿಕ್ ಪಟ್ಟಿ. ಪಟ್ಟಿ ಸರ್ರನೆ ಹೋದಲ್ಲೆಲ್ಲ ಗಾಳಿ ಹೊರಬಿದ್ದು ಫಿಲ್ಮು ಮೈಗೆ ಕೂರುತ್ತಿತ್ತು. ತಿರುವುಗಳಲ್ಲಿ ನೆರಿಗೆ ಬಿದ್ದರೆ ಎತ್ತಿ, ಬಿಸಿ ತಾಗಿಸಿ, ಮತ್ತೆ ಇಳಿಸುತ್ತಿದ್ದಳು. ತಾನು ಅಷ್ಟು ವರ್ಷ ಒರೆಸಿದ ಕೆಂಪು ಒಂದೊಂದೇ ಬಾಗಿಲಿನಿಂದ ಮರೆಯಾಗುವುದನ್ನು ಹಿರಿಯಳಿಯ ನೋಡುತ್ತ ಕೂತ.

ಹಿಂದಿನ ಎಡಬಾಗಿಲಿಗೆ ಬಂದಾಗ ಅವನು ಸ್ಟೂಲಿನಿಂದ ಎದ್ದು ನಿಂತ. ಈಗಲಾದರೂ ಹೇಳಬಹುದಾಗಿತ್ತು. ಫಿಲ್ಮು ನೀರಿನ ಹಾಗೆ ಹರಿದು ಕೂತಿತು. ಎಷ್ಟು ಚೆನ್ನಾಗಿ ಕೂತಿದೆ ನೋಡಿ ಎಂದು ಒಡತಿಯೇ ಖುಷಿಪಟ್ಟಳು. ಅವನು ಹೂಂ ಎಂದ.

ಕಾರು ತೆಗೆದುಕೊಂಡು ಹೋಗುವ ದಿನ ಒಡತಿ ಆರೈಕೆಯ ವಿಷಯ ಹೇಳಿದಳು. ಒಂದು ವಾರ ನೀರು ಸೋಕಿಸಬೇಡಿ. ಆಮೇಲೆ ಕೈಯಲ್ಲೇ ತೊಳೆಯಿರಿ, ಮೃದುವಾದ ಶಾಂಪೂ, ಮೆತ್ತನೆಯ ಬಟ್ಟೆ. ಜೋರಾಗಿ ನೀರು ಹೊಡೆಯುವ ಪೈಪನ್ನು ಅಂಚಿನ ಹತ್ತಿರ ಹಿಡಿಯಬೇಡಿ, ಎದ್ದುಬಿಡುತ್ತದೆ. ಇದು ಹೊಳಪಿಲ್ಲದ ಫಿಲ್ಮು, ವ್ಯಾಕ್ಸು ಪಾಲಿಶು ಹಚ್ಚಿದರೆ ಅಲ್ಲಲ್ಲಿ ಕಲೆಗಟ್ಟುತ್ತದೆ. ಹಕ್ಕಿ ಹಿಕ್ಕೆ, ಮರದ ಅಂಟು, ಚೆಲ್ಲಿದ ಪೆಟ್ರೋಲು ಕೂಡಲೇ ಒರೆಸಿ. ಆದಷ್ಟೂ ನೆರಳಿನಲ್ಲಿ ನಿಲ್ಲಿಸಿ. ಕಿರಿಯಳಿಯ ಫೋನು ಹಿಡಿದು ಕಾರಿನ ಸುತ್ತ ವಿಡಿಯೋ ಮಾಡುತ್ತಿದ್ದ. ಅವನ ಕಿವಿಗೆ ಒಂದು ಅಕ್ಷರವೂ ಬೀಳಲಿಲ್ಲ. ಹಿರಿಯಳಿಯ ಪ್ರತಿಯೊಂದನ್ನೂ ಕೇಳಿಸಿಕೊಂಡ.

ಕಾರು ಮನೆಮುಂದೆ ಬಂದು ನಿಂತಾಗ ಅತ್ತೆ ಬೇರೆ ಯಾರೋ ಬಂದರೆಂದು ಸೆರಗು ಸರಿಮಾಡಿಕೊಂಡು ಹೊರಬಂದರು. ಮಾವನವರು ಅಂಗೈಯಿಂದ ಸವರಿ, ಸ್ಟಿಕರ್ ಅಂತಾರೆ, ಒಳ್ಳೆ ಚರ್ಮದ ಹಾಗಿದೆ ಎಂದು ಬೆರಗಾದರು. ಇದೆಲ್ಲ ಹೇಗೋ ನುಂಗಬಹುದಿತ್ತು. ಆದರೆ ಅವನ ಸ್ವಂತ ಮಗಳು, ಆ ಹಳೆಯ ಕೆಂಪು ಕಾರಿನಲ್ಲಿ ಕೂರಲು ನಾಚುತ್ತಿದ್ದವಳು, ಬಾನೆಟ್ಟಿಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡು, ನನ್ನ ಚಿಕ್ಕಪ್ಪನ ಕಾರು ಎಂದು ಗೆಳತಿಯರಿಗೆಲ್ಲ ಕಳಿಸಿದಳು. ಆ ದಿನ ಅವನ ಹೊಟ್ಟೆಗೆ ಬೆಂಕಿ ಬಿದ್ದದ್ದು ವಾರವಾದರೂ ಆರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಕಿರಿಯಳಿಯನಿಗೆ ದೂರದ ಊರೊಂದರಲ್ಲಿ ಈಜಿನ ಶಿಬಿರ ನಡೆಸುವ ಕೆಲಸ ಸಿಕ್ಕಿತು. ಕೆಲವು ತಿಂಗಳ ಮಾತು. ಅವನ ಮನೆಮುಂದೆ ನೆರಳಿಲ್ಲ. ಹಿರಿಯಳಿಯನ ಕಟ್ಟಡದ ಕೆಳಗೆ ತಾರಸಿಯ ನೆರಳಿತ್ತು. ಕೀಲಿಕೈ ತಂದು ಭಾವನ ಕೈಗಿಟ್ಟು, ನಿಮ್ಮನ್ನು ಬಿಟ್ಟರೆ ಇನ್ಯಾರನ್ನು ನಂಬಲಿ, ಬೇಕಾದಾಗ ಓಡಿಸಿಕೊಳ್ಳಿ ಎಂದು ಹೇಳಿ ಹೋದ. ಕೊಟ್ಟವನ ಮುಖದಲ್ಲಿ ಯಾವ ಕೊಂಕೂ ಇರಲಿಲ್ಲ. ಅದರಿಂದಲೇ ಹಿರಿಯಳಿಯನಿಗೆ ಇನ್ನಷ್ಟು ಮೈ ಉರಿಯಿತು. ತಾನು ಕಾರಿನ ಯಜಮಾನನಾಗಬೇಕಾಗಿದ್ದವನು, ಈಗ ಕಾವಲುಗಾರನಾದೆ ಎನಿಸಿತು.

ಮೊದಲ ದಿನ ಅವನು ಕಾರನ್ನು ನೆರಳಿಗೆ ಒಯ್ಯಲಿಲ್ಲ. ಎದುರಿನ ಬೀದಿಯಲ್ಲಿ ಹಕ್ಕಿಗಳು ಕೂರುವ ದೊಡ್ಡ ಮರದ ಕೆಳಗೆ ನಿಲ್ಲಿಸಿದ. ಬೆಳಿಗ್ಗೆ ಹೋಗಿ ನೋಡಿದರೆ ಹಕ್ಕಿಗಳು ಅವನ ಮನಸ್ಸು ಅರಿತು ಕೆಲಸ ಮಾಡಿದ್ದವು. ಬಾನೆಟ್ಟು, ಕಾರಿನ ತಲೆಯ ಮೇಲೆಲ್ಲ ಬಿಳಿ ಬಿಳಿ. ಅವನು ಒಂದು ನಿಮಿಷ ತೃಪ್ತಿಯಿಂದ ನಿಂತ. ನಂತರ ಅಂಗಡಿಗೆ ಹೊರಟ. ಸ್ಕೂಟರು ಸ್ಟಾರ್ಟ್ ಮಾಡಿದವನಿಗೆ ಮುಂದೆ ಹೋಗಲಾಗಲಿಲ್ಲ. ಹಗಲೆಲ್ಲ ಗಾಜಿನ ಮೇಲಿನ ಒಂದು ಕೂದಲೆಳೆ ಗೀರನ್ನೂ ಸಹಿಸದ ಕಣ್ಣು ಅವನದು; ಬಿಸಿಲಿನಲ್ಲಿ ಆ ಹಿಕ್ಕೆ ಒಣಗಿ ಫಿಲ್ಮನ್ನು ತಿನ್ನುವುದನ್ನು ನೆನೆದರೆ ಬೆರಳ ತುದಿ ತುರಿಸಿತು. ಬೈದುಕೊಳ್ಳುತ್ತಲೇ ಮೇಲೆ ಹೋಗಿ ಬಕೆಟ್ಟು ತಂದ. ಒದ್ದೆ ಬಟ್ಟೆ ಹಾಸಿ, ಕಲೆ ನೆನೆದು ಮೆತ್ತಗಾದ ಮೇಲೆ ಎತ್ತಿ ತೆಗೆದ, ಉಜ್ಜಲಿಲ್ಲ. ಕಾರನ್ನು ನೆರಳಿಗೆ ಒಯ್ದು ನಿಲ್ಲಿಸಿದ.

ಅಲ್ಲಿಗೆ ಅವನು ಸಿಕ್ಕಿಬಿದ್ದ. ಪ್ರತಿ ಭಾನುವಾರ ಎರಡು ಬಕೆಟ್ಟು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ತಲೆಯಿಂದ ಶುರುಮಾಡಿ ಕೆಳಗೆ ಬರುವುದು, ಚಕ್ರಕ್ಕೆ ಬೇರೆಯದೇ ಬಟ್ಟೆ, ನೀರಿನ ಹನಿ ಒಣಗಿ ಗುರುತುಳಿಯುವ ಮೊದಲೇ ಒರೆಸುವುದು. ಹೆಂಡತಿ ಮಹಡಿಯ ಕಿಟಕಿಯಿಂದ ನೋಡಿ ನೋಡಿ ಒಂದು ದಿನ ಕೆಳಗಿಳಿದು ಬಂದಳು.

“ಇಷ್ಟು ವರ್ಷದಲ್ಲಿ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡೋವಾಗಲೂ ನಿಮ್ಮ ಕೈ ಇಷ್ಟು ಮೆತ್ತಗಿರ್ಲಿಲ್ಲ ಕಣ್ರೀ” ಎಂದಳು. ನಗುತ್ತಲೇ ಹೇಳಿದಳು, ಆದರೆ ಆ ದಿನ ಚಹಾ ತಾನಾಗಿ ಕೆಳಗೆ ಬರಲಿಲ್ಲ.

ಮೇಲಿನ ಮನೆಯ ನಿವೃತ್ತ ಟೀಚರಮ್ಮ ಹೊಸ ಕಾರೇ ಎಂದು ಕೇಳಿದಾಗ ಅವನು, ಹಳೆಯದೇ, ರ‍್ಯಾಪ್ ಮಾಡಿಸಿದ್ದು ಎಂದ. ಮಾಡಿಸಿದವರು ಯಾರೆಂಬುದು ಆ ವಾಕ್ಯದಲ್ಲಿ ಇರಲಿಲ್ಲ. ಟೀಚರಮ್ಮ ಅವನ ಅಭಿರುಚಿಯನ್ನು ಹೊಗಳಿದರು. ಅವನು ತಡೆಯಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನವರು ತಿರುಗಿ ನೋಡಿದರೆ, ಮೊಣಕೈಯನ್ನು ಕಿಟಕಿಗೆ ಆನಿಸಿ ಕೂರುವುದನ್ನೂ ಕಲಿತ. ಆ ಕೆಲವು ವಾರ ಹೊಟ್ಟೆಕಿಚ್ಚು ತಣ್ಣಗಾದಂತಿತ್ತು. ಆದರೆ ಷಡ್ಡಕ ಶಿಬಿರದಿಂದ ಫೋನು ಮಾಡಿ, ನನ್ನ ಕಾರು ಹೇಗಿದೆ ಭಾವ ಎಂದು ಕೇಳಿದ ಕೂಡಲೇ, ಆ ‘ನನ್ನ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ, ಮತ್ತೆ ಭಗ್ಗೆಂದು ಹತ್ತುತ್ತಿತ್ತು.

ಬಿಸಿಲು ಏರಿದಂತೆ ಹಿಂದಿನ ಎಡಬಾಗಿಲಿನ ಕೆಳಮೂಲೆಯಲ್ಲಿ ಒಂದು ಗುಳ್ಳೆ ಎದ್ದಿತು. ಹೆಬ್ಬೆರಳಿನಿಂದ ಒತ್ತಿದ, ಕೂತಿತು, ಮರುದಿನ ಎದ್ದಿತು. ಹೆಂಡತಿ ತಲೆ ಒಣಗಿಸಿಕೊಳ್ಳುವ ಡ್ರೈಯರನ್ನು ಕದ್ದು ತಂದು, ಬಿಸಿಗಾಳಿ ಹಿಡಿದು, ಬಟ್ಟೆಯಿಂದ ಒತ್ತಿದ. ಎರಡು ದಿನ ತಡೆದು, ಆಮೇಲೆ ಅಂಗೈಯಗಲಕ್ಕೆ ಎದ್ದಿತು. ಅದು ಹಾಗಾಗಲೆಂದೇ ಅವನು ಅಂದು ಬಾಯಿಗೆ ಬೀಗ ಹಾಕಿಕೊಂಡಿದ್ದು. ಈಗ ಆದದ್ದೂ ಹಾಗೆಯೇ. ಆದರೆ ಷಡ್ಡಕನ ಕಾರು ಕೆಟ್ಟಿತೆಂಬ ಸಂತೋಷವನ್ನು ಎಷ್ಟು ಹುಡುಕಿದರೂ ಒಳಗೆಲ್ಲೂ ಅದು ಸಿಗಲಿಲ್ಲ. ತನ್ನ ಮಗುವಿಗೆ ಬೊಕ್ಕೆ ಎದ್ದಂತೆ ಸಂಕಟವಾಯಿತು.

ಒಬ್ಬನೇ ರ‍್ಯಾಪಿನ ಅಂಗಡಿಗೆ ಹೋದ. ಒಡತಿ ಗುಳ್ಳೆಯ ಅಂಚು ಹಿಡಿದು ಬಿಸಿ ಕೊಡುತ್ತ ನಿಧಾನವಾಗಿ ಎಳೆದಳು. ಫಿಲ್ಮಿನ ಜೊತೆ ಕೆಂಪು ಬಣ್ಣ ಹಾಳೆಹಾಳೆಯಾಗಿ ಕಿತ್ತು ಬಂತು. ಒಳಗಿನ ಬೂದುಬಣ್ಣ, ಅದರೊಳಗೆ ಬೆತ್ತಲೆ ತಗಡು ಕಂಡಿತು. ಅವಳು ಎಳೆಯುವುದನ್ನು ನಿಲ್ಲಿಸಿದಳು.

“ಇದಕ್ಕೆ ಬಣ್ಣ ಹೊಡೆಸಿದ್ದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಕೇಳಿದ್ದೆ.”

“ಕೇಳಿದ್ರಿ” ಎಂದ ಅವನು.

ಅವಳು ಅವನನ್ನು ಮತ್ತೊಮ್ಮೆ ದಿಟ್ಟಿಸಿದಳು. ಆ ಹಳದಿಯ ತುಣುಕು ಅವಳಿಗೆ ನೆನಪಾಗಿರಬೇಕು. ಬಾಗಿಲನ್ನು ತಗಡಿನವರೆಗೆ ಉಜ್ಜಿ, ಸರಿಯಾಗಿ ಬಣ್ಣ ಹೊಡೆಸಿ, ಆ ಬಣ್ಣ ಪೂರ್ತಿ ಒಣಗಿ ಗಟ್ಟಿಯಾಗಲು ವಾರಗಟ್ಟಲೆ ಬಿಟ್ಟು, ಆಮೇಲಷ್ಟೇ ಹೊಸ ಫಿಲ್ಮು ಹಾಕಬೇಕೆಂದು ವಿವರಿಸಿದಳು. ಅವಸರ ಮಾಡಿದರೆ ಮತ್ತೆ ಇದೇ ಕಥೆ. ಇನ್ನೊಂದು ಮಾತು, ಉಳಿದ ಮೈ ಬಿಸಿಲು ಕಂಡಿದೆ, ಹೊಸ ತುಂಡು ಒಂಚೂರು ಬೇರೆಯಾಗಿ ಕಾಣಬಹುದು ಎಂದಳು. ಕಿರಿಯಳಿಯ ಬರುವುದು ಅದಕ್ಕಿಂತ ಮೊದಲೇ ಇತ್ತು.

ಬಾಗಿಲಿಗೆ ಬೂದು ಅಡಿಬಣ್ಣ ಬಳಿಸಿಕೊಂಡು ಅದೇ ಕಾರಿನಲ್ಲಿ ಆ ಶನಿವಾರ ಮಾವನವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮಾವನವರು ಕಣ್ಣಿಗಿಂತ ಹೆಚ್ಚಾಗಿ ಈಗ ಕೈಯಿಂದಲೇ ನೋಡುತ್ತಿದ್ದರು. ಕಾರನ್ನು ಸವರಿಕೊಂಡು ಬಂದವರ ಕೈ ಹಿಂದಿನ ಬಾಗಿಲ ಮೇಲೆ ನಿಂತಿತು. ಇಲ್ಲಿ ಸ್ಟಿಕರ್ ಎಲ್ಲಿ ಹೋಯಿತು ಎಂದರು. ಅವನು ಎಲ್ಲ ಹೇಳಿದ. ಮಾರುಕಟ್ಟೆಯ ಕಂಬ, ಶೆಡ್ಡಿನ ಬಣ್ಣ, ಒಡತಿ ಕೇಳಿದ್ದು, ತಾನು ಸುಮ್ಮನಿದ್ದದ್ದು. ಮಾವನವರು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಅವನೂ ಕೂತ. ಕಾರು ಹೊರಡಲಿಲ್ಲ. ಕನ್ನಡಕವನ್ನು ಮುಟ್ಟದೆ ಅವನು ಕೇಳಿದ:

“ನನಗೆ ಯಾಕೆ ಕೊಡ್ಲಿಲ್ಲ ಮಾವ?”

ಮಾವನವರಿಗೆ ಮೊದಲು ಏನೆಂದೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವನತ್ತ ಪೂರ್ತಿ ತಿರುಗಿ ಕೂತರು.

“ನಿಮಗೆ ಬೇಕಾಗಿತ್ತಾ?” ಎಂದರು. “ಅಲ್ಲಾ ಅಳಿಯಂದ್ರೇ, ಶನಿವಾರ ಬಂತು ಅಂದ್ರೆ ಗಡಿಯಾರ ನೋಡ್ತಾ ಬರ್ತಿದ್ರಿ, ಗಡಿಯಾರ ನೋಡ್ತಾ ಹೋಗ್ತಿದ್ರಿ. ನಗ್ತಿರ್ಲಿಲ್ಲ, ಮಾತಿರ್ಲಿಲ್ಲ. ಈ ಮುದುಕರ ಚಾಕರಿ ನಿಮಗೆ ಸಾಕಾಗಿದೆ ಅಂದ್ಕೊಂಡಿದ್ದೆ. ಕಾರೂ ನಿಮ್ಮ ತಲೆಗೇ ಕಟ್ಟೋದು ಬೇಡ, ಬಿಡುಗಡೆ ಆಗ್ಲಿ ಅಂತ... ಅವನು ಬಾಯಿಬಿಟ್ಟು ಕೇಳ್ದ, ಕೊಟ್ಟೆ. ನೀವು ಕೇಳಿದ್ರೆ ಇಲ್ಲ ಅಂತಿದ್ನಾ?”

ಗಡಿಯಾರ ನೋಡುತ್ತಿದ್ದದ್ದು ನಿಜ. ಕಾರಿನ ಜೊತೆ ಇರಲು ಇನ್ನೆಷ್ಟು ಹೊತ್ತು ಉಳಿದಿದೆಯೆಂದು ಅವನು ನೋಡುತ್ತಿದ್ದ. ಎರಡನೇ ಗೇರನ್ನು ಪುಸಲಾಯಿಸಿ ಕಾರನ್ನು ಬೀದಿಗೆ ಇಳಿಸಿದ. ದಾರಿಯುದ್ದಕ್ಕೂ ಅವನ ಮನಸ್ಸು ಷಡ್ಡಕನ ಮೇಲೆ ಉರಿಯಲು ಕಾರಣ ಹುಡುಕಿತು, ಸಿಕ್ಕಿದ್ದು ಒಂದೇ. ಆ ಮನುಷ್ಯನಿಗೆ ಕೇಳುವುದು ಎಷ್ಟು ಸಲೀಸು! ಬಾಯಿ ತೆರೆಯುತ್ತಾನೆ, ಬಂದು ಬೀಳುತ್ತದೆ. ಆ ಒಂದು ಸಲೀಸಿನ ಮೇಲೆ ಅವನಿಗೆ ಕಾರಿಗಿಂತಲೂ ಹೆಚ್ಚು ಹೊಟ್ಟೆಕಿಚ್ಚಾಯಿತು.

ಕಿರಿಯಳಿಯ ಶಿಬಿರದಿಂದ ಬಂದವನು ನೇರವಾಗಿ ಭಾವನ ಕಟ್ಟಡದ ಕೆಳಗೆ ಬಂದಿಳಿದ. ಮೈ ಬಿಸಿಲಿಗೆ ಇನ್ನಷ್ಟು ಕಪ್ಪಾಗಿತ್ತು, ಮುಖ ತುಂಬ ನಗುವಿತ್ತು. ಬೂದು ಬಾಗಿಲು ಕಂಡಾಗಲೂ ನಗು ಪೂರ್ತಿ ಹೋಗಲಿಲ್ಲ. ಯಾರಾದರೂ ಗುದ್ದಿದರೇ, ಭಾವನಿಗೆ ಪೆಟ್ಟಾಗಲಿಲ್ಲವಲ್ಲ ಎಂದು ಮೊದಲು ಕೇಳಿದ. ಇಷ್ಟಾದ ಮೇಲೆ ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಹಿರಿಯಳಿಯ ಸುಳ್ಳು ಹೇಳಲಿಲ್ಲ. ಮಾವನವರಿಗೆ ಹೇಳಿದ್ದನ್ನೇ ಅದೇ ಕ್ರಮದಲ್ಲಿ ಒಪ್ಪಿಸಿದ.

ಕಿರಿಯವನ ಮುಖ ಮೊದಲ ಬಾರಿಗೆ ಖಾಲಿಯಾಯಿತು.

“ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ” ಎಂದ.

“ನಿಂತಿದ್ದೆ.”

“ಯಾಕೆ? ಹೊಟ್ಟೆಕಿಚ್ಚಾ?”

ಆ ಪದವನ್ನು ಅದುವರೆಗೆ ಯಾರೂ ಗಟ್ಟಿಯಾಗಿ ಆಡಿರಲಿಲ್ಲ. ಹೌದು ಎಂದು ಹಿರಿಯಳಿಯ ತಲೆಯಾಡಿಸಿದ. ಕಿರಿಯವನು ಕೈ ಚಾಚಿ ಕೀಲಿಕೈ ತೆಗೆದುಕೊಂಡ. ಬೆನ್ನು ತಟ್ಟಲಿಲ್ಲ, ಭಾವ ಎನ್ನಲಿಲ್ಲ. ಕಾರು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಒಂದು ಬೆರಳಿನಷ್ಟು ಹತ್ತಿರ ಬಂದು, ಹಾಗೂ ಹೀಗೂ ತಪ್ಪಿಸಿಕೊಂಡು ಹೋದ. ಹಿರಿಯಳಿಯನ ಕಾಲು ತಾನಾಗಿಯೇ ನೆಲದ ಮೇಲೆ ಬ್ರೇಕು ಒತ್ತಿತ್ತು.

ಅಲ್ಲಿಂದ ಮುಂದೆ ಬಹಳ ದಿನ ಇಬ್ಬರಿಗೂ ಮಾತಿರಲಿಲ್ಲ. ಭಾನುವಾರದ ಊಟಕ್ಕೆ ಒಬ್ಬರು ಬಂದರೆ ಇನ್ನೊಬ್ಬರಿಗೆ ಏನೋ ಕೆಲಸ ಬೀಳುತ್ತಿತ್ತು. ಅಕ್ಕತಂಗಿಯರು ಫೋನಿನಲ್ಲಿ ಮಾತಾಡಿಕೊಂಡರು, ಆದರೆ ಗಂಡಂದಿರ ಹೆಸರೆತ್ತದೆ. ಹೆಂಡತಿ ಅವನಿಗೆ ಬಯ್ಯಲಿಲ್ಲ. ತಂಗಿಗೆ ಮುಖ ತೋರಿಸುವುದು ಹೇಗೆ ಎಂದು ಒಂದೇ ಸಲ ಹೇಳಿ ಸುಮ್ಮನಾದಳು. ಬಾಗಿಲಿಗೆ ಹೊಸ ಫಿಲ್ಮು ಬಿದ್ದದ್ದೂ ಅವನಿಗೆ ತಿಳಿದದ್ದು ಬೀದಿಯಲ್ಲಿ. ಒಂದು ಸಂಜೆ ಹಸಿರು ಕಾರು ಅವನ ಸ್ಕೂಟರನ್ನು ದಾಟಿ ಹೋಯಿತು. ಓರೆ ಬಿಸಿಲಿನಲ್ಲಿ ಆ ಬಾಗಿಲೊಂದು ಉಳಿದ ಮೈಗಿಂತ ಕೊಂಚ ಕಪ್ಪಗೆ, ಒದ್ದೆಯಾದ ಹಾಗೆ ಕಂಡಿತು. ಜೊತೆಗೆ, ಕಾರಿನ ತಲೆಯ ಮೇಲೆ ಒಣಗಿದ ನೀರಿನ ಗುರುತುಗಳನ್ನೂ ಅವನು ಗಮನಿಸದೆ ಬಿಡಲಿಲ್ಲ.

ಮೊದಲು ಮೌನ ಮುರಿದವನು ಕಿರಿಯಳಿಯನೇ. ಅದೂ ಪ್ರೀತಿಯಿಂದಲ್ಲ, ಗತಿಯಿಲ್ಲದೆ. ಈಜುಕೊಳದ ಪಕ್ಕ ನಿಲ್ಲಿಸಿ ನಿಲ್ಲಿಸಿ, ಕ್ಲೋರಿನ್ ನೀರಿನ ಕೈಯಲ್ಲೇ ಬಾಗಿಲು ಹಿಡಿದು, ಸಿಕ್ಕ ಬಟ್ಟೆಯಲ್ಲಿ ಒರೆಸಿ, ಫಿಲ್ಮಿನ ಮೇಲೆಲ್ಲ ಬೂಷ್ಟಿನಂಥ ಕಲೆ ಮಾಡಿಕೊಂಡಿದ್ದ. ಒಂದು ಭಾನುವಾರ ಬೆಳಿಗ್ಗೆ ಕಟ್ಟಡದ ಕೆಳಗೆ ಕಾರು ತಂದು ನಿಲ್ಲಿಸಿ ಹಾರ್ನ್ ಹೊಡೆದ. ಹಿರಿಯಳಿಯ ಎರಡು ಬಕೆಟ್ಟು ಹಿಡಿದು ಇಳಿದು ಬಂದ. ಇಬ್ಬರೂ ಮಾತಿಲ್ಲದೆ ತೊಳೆದರು. ಕಿರಿಯವನು ಚಕ್ರದ ಬಟ್ಟೆಯನ್ನೇ ಬಾನೆಟ್ಟಿಗೆ ಹಾಕಲು ಹೋದಾಗ ಹಿರಿಯಳಿಯ ಅವನ ಮಣಿಕಟ್ಟು ಹಿಡಿದು ತಡೆದ. ಹಳೆಯ ಸಲಿಗೆ ಆಮೇಲೂ ಪೂರ್ತಿ ಮರಳಲಿಲ್ಲ. ಆದರೆ ಹೊರಡುವಾಗ, “ಬರ್ತೀನಿ ಭಾವ” ಎಂಬ ಮಾತು ಬಂತು.

ಕೇಳುವುದನ್ನು ಹಿರಿಯಳಿಯ ಆ ವರ್ಷವೇ ಕಲಿತ. ಅಂಗಡಿಗೆ ಓದುವ ಕನ್ನಡಕ ಮಾಡಿಸಲು ಬಂದ ವಯಸ್ಸಾದ ಹೆಂಗಸೊಬ್ಬರು, ತಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಯ ಕಾರು ಮುಸುಕು ಹಾಕಿಕೊಂಡೇ ನಿಂತಿದೆ ಎಂದು ಮಾತಿನ ನಡುವೆ ಅಂದರು. ಅವನ ಕೈ ಕನ್ನಡಕದತ್ತ ಹೋಯಿತು. ಹೋದ ಕೈಯನ್ನು ಮೇಜಿನ ಮೇಲೆ ಒತ್ತಿಟ್ಟುಕೊಂಡು, “ಆ ಕಾರು ನನಗೆ ಕೊಡ್ತೀರಾ ಅಮ್ಮ?” ಎಂದು ಕೇಳಿದ. ಅವರು ಅವನನ್ನು ಒಂದು ಕ್ಷಣ ನೋಡಿ, ಬಂದು ನೋಡಿ ಎಂದರು.

ಪುಟ್ಟ ಕಾರು, ನೀಲಿ ಬಣ್ಣ. ಯಜಮಾನರು ಅದನ್ನು ಬಿಸಿಲಿಗೇ ತೋರಿಸದೆ ಸಾಕಿದ್ದರಂತೆ. ಮುಸುಕು ತೆಗೆದರೆ ಮುಖ ಕಾಣುವಷ್ಟು ಹೊಳಪು. ಬೆಲೆ ಮಾತಾಡಿ ಕೊಂಡುಕೊಂಡ. ಮುಂದಿನ ಭಾನುವಾರ ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಅತ್ತೆಯ ಮನೆಗೆ ಹೋದ. ಹಸಿರು ಕಾರು ಆಗಲೇ ಬಂದು ನಿಂತಿತ್ತು. ಕಿರಿಯಳಿಯ ಹೊರಗೆ ಬಂದ. ನೀಲಿ ಕಾರಿನ ಸುತ್ತ ಒಂದು ಸುತ್ತು, ಮತ್ತೊಂದು ಸುತ್ತು ಬಂದ. ಬಾನೆಟ್ಟಿನ ಮೇಲೆ ಕೈಯಾಡಿಸಿದ. ಚೆನ್ನಾಗಿದೆ ಭಾವ, ಬಹಳ ಚೆನ್ನಾಗಿದೆ ಎಂದ. ನಗು ಬರುತ್ತಿತ್ತು, ಆದರೆ ಕೆನ್ನೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಕಣ್ಣು ಮಾತ್ರ ಆ ಹೊಳಪನ್ನು ಬಿಟ್ಟು ಕದಲಲೊಲ್ಲದು. ಹಿರಿಯಳಿಯನಿಗೆ ಆ ನೋಟ ಪರಿಚಯವಿತ್ತು. ಒಳಗೇ ಮರುಕ ಬಂತು. ಮರುಕದ ಬೆನ್ನಿಗೇ, ತಡೆಯಲಾಗದಂತೆ, ಎಳನೀರು ಕುಡಿದಷ್ಟು ತಂಪೂ ಆಯಿತು.

ಊಟಕ್ಕೆ ಕೂರುವ ಮೊದಲು ಕೈ ತೊಳೆಯುವಾಗ ಹೆಂಡತಿ ಹತ್ತಿರ ಬಂದು ಪಿಸುಗುಟ್ಟಿದಳು:

“ಅವನ ಮುಖ ನೋಡಿದ್ರಾ?”

“ಇಲ್ಲಪ್ಪ, ನಾನೆಲ್ಲಿ ನೋಡ್ಲಿ” ಎಂದು ಅವನು ಟವೆಲಿಗೆ ಮುಖ ಒತ್ತಿಕೊಂಡ. ಹೆಂಡತಿ ಟವೆಲನ್ನು ಎಳೆದಳು. ಅವನು ಬಿಡಲಿಲ್ಲ.